ಕಟ್ಟಡ ಮಾರಿಸಿಕೊಟ್ಟ ಕಮಿಷನ್ ಬಾರದಿದ್ದರೆ ಆ ಕಟ್ಟಡದ ಮೇಲೆಯೇ ಲಿಯನ್ ಹಾಕಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ. ಶಿಕಾಗೋ ಹೊರವಲಯದಲ್ಲಿ ಎಂಟು ಮಳಿಗೆಗಳಿರುವ ಒಂದು ಸ್ಟ್ರಿಪ್ ಮಾಲ್ ಮಾರಿಸಿಕೊಡಲು ಅದರ ಮಾಲೀಕರು ನಿಮ್ಮ ಸಂಸ್ಥೆಯೊಂದಿಗೆ ಲಿಖಿತ ಲಿಸ್ಟಿಂಗ್ ಕರಾರು ಮಾಡಿಕೊಂಡರು. ನೀವು ಕರೆತಂದ ಖರೀದಿದಾರರೊಂದಿಗೆ 24 ಲಕ್ಷ ಡಾಲರಿಗೆ ವ್ಯವಹಾರ ಕುದುರಿತು. ಕ್ಲೋಸಿಂಗ್‌ಗೆ, ಅಂದರೆ ಹಣ ಕೊಟ್ಟು ಆಸ್ತಿಯನ್ನು ಖರೀದಿದಾರರ ಹೆಸರಿಗೆ ಮಾಡಿಕೊಳ್ಳುವ ದಿನಕ್ಕೆ, ಮೂರು ವಾರ ಉಳಿದಿರುವಾಗ, ಒಪ್ಪಿಕೊಂಡಿದ್ದ ಶೇಕಡಾ 4ರ ಕಮಿಷನ್ ಕೊಡುವುದಿಲ್ಲ ಎಂದು ಮಾಲೀಕರು ಹೇಳುತ್ತಿದ್ದಾರೆ. ಆ 96,000 ಡಾಲರಿಗಾಗಿ ಕಟ್ಟಡದ ಮೇಲೆ ಲಿಯನ್, ಅಂದರೆ ಬಾಕಿ ತೀರುವವರೆಗೆ ಆಸ್ತಿಯ ಮೇಲೆ ಕೂರುವ ಹಕ್ಕು, ಹಾಕಲು ಬರುತ್ತದೆಯೇ, ಕರ್ನಾಟಕದಲ್ಲೂ ಇಂಥದೊಂದು ದಾರಿ ಇದೆಯೇ ಎಂಬುದು ನಿಮ್ಮ ಪ್ರಶ್ನೆ.

ಶಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲಿ ಖಂಡಿತ ಬರುತ್ತದೆ, ಆದರೆ ನಿಮ್ಮ ಕೈಯಲ್ಲಿರುವುದು ಈ ಮೂರು ವಾರ ಮಾತ್ರ. ನಾನು ಈ ರಾಜ್ಯದಲ್ಲಿ ಹಲವು ವರ್ಷಗಳಿಂದ ವಾಣಿಜ್ಯ ಕಟ್ಟಡಗಳ ಮಾರಾಟವನ್ನೇ ಮಾಡಿಸುತ್ತ ಬಂದಿರುವ ಬ್ರೋಕರ್. ವಕೀಲನಲ್ಲ, ಆದ್ದರಿಂದ ಮುಂದೆ ಹೇಳುವುದನ್ನೆಲ್ಲ ಓದಿದ ಮೇಲೆ ನಾಳೆಯೇ ರಿಯಲ್ ಎಸ್ಟೇಟ್ ವಕೀಲರೊಬ್ಬರನ್ನು ಕಾಣಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ಅಮೆರಿಕದಲ್ಲಿ ಇದಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಒಂದೇ ಕಾನೂನಿಲ್ಲ. ಕೆಲವು ರಾಜ್ಯಗಳು ಮಾತ್ರ ಬ್ರೋಕರ್‌ಗೆ ಈ ಹಕ್ಕನ್ನು ಕೊಟ್ಟಿವೆ, ಕೊಟ್ಟ ಕಡೆಗಳಲ್ಲೂ ಅವಧಿ ಮತ್ತು ನಮೂನೆಗಳು ಬೇರೆ ಬೇರೆ. ಟೆಕ್ಸಾಸ್‌ನಲ್ಲಿ ಆಸ್ತಿ ಸಂಹಿತೆಯ 62ನೇ ಅಧ್ಯಾಯ ಇದನ್ನು ಹೇಳುತ್ತದೆ. ಇಲಿನಾಯ್‌ನ ವಾಣಿಜ್ಯ ರಿಯಲ್ ಎಸ್ಟೇಟ್ ಬ್ರೋಕರ್ ಲಿಯನ್ ಕಾಯಿದೆ 1991ರದು. ಕಟ್ಟಡ ಕಟ್ಟಿದ ಮೇಸ್ತ್ರಿಗೆ, ಸಾಮಗ್ರಿ ಕೊಟ್ಟವನಿಗೆ ಕೂಲಿ ಮತ್ತು ಬೆಲೆ ಬಾರದಿದ್ದರೆ ಆ ಕಟ್ಟಡದ ಮೇಲೆ ಹಕ್ಕು ಹೂಡುವ ಮೆಕ್ಯಾನಿಕ್ಸ್ ಲಿಯನ್ ಎಂಬ ಏರ್ಪಾಡು ಇಲ್ಲಿ ಬಹಳ ಹಿಂದಿನಿಂದ ಇದೆ. ಆಸ್ತಿಗೆ ಖರೀದಿದಾರನನ್ನು ಹುಡುಕಿ ತಂದವನ ದುಡಿಮೆಗೂ ಅದೇ ಬಗೆಯ ಭದ್ರತೆ ಬೇಕೆಂಬ ನ್ಯಾಯ ಈ ಕಾಯಿದೆಯ ಹಿಂದಿದೆ, ಅದು ಸರಿಯಾದ ನ್ಯಾಯವೆಂದೇ ನನ್ನ ನಂಬಿಕೆ.

ಮೊದಲು ನಿಮ್ಮ ಆಸ್ತಿ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಯೇ ಎಂದು ನೋಡಿಕೊಳ್ಳಿ. ಒಂದರಿಂದ ಆರು ವಾಸದ ಮನೆಗಳಿರುವ ಕಟ್ಟಡ, ಯಾವ ಕಟ್ಟಡವೂ ಇಲ್ಲದ ಖಾಲಿ ಜಾಗ, ತೆರಿಗೆಯ ಲೆಕ್ಕದಲ್ಲಿ ಕೃಷಿಭೂಮಿಯೆಂದು ವರ್ಗೀಕರಿಸಿದ ಜಮೀನು, ಇವು ಮೂರೂ ಹೊರಗುಳಿಯುತ್ತವೆ. ಸ್ಟ್ರಿಪ್ ಮಾಲ್ ವಿಷಯದಲ್ಲಿ ಆ ಚಿಂತೆಯಿಲ್ಲ.

ಎರಡನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಸಹಿಯಿರುವ ಕಾಗದ. ಕಮಿಷನ್ ಕೊಡುವೆನೆಂದು ಮಾಲೀಕರು, ಅಥವಾ ಅವರ ಪರವಾಗಿ ಸಹಿ ಮಾಡಲು ಅಧಿಕಾರವಿರುವವರು, ಬರೆದುಕೊಟ್ಟಿರಬೇಕು. ಬಾಯಿಮಾತಿನ ಭರವಸೆಯ ಮೇಲೆ, ಊಟದ ಮೇಜಿನಲ್ಲಿ ಕೈಕುಲುಕಿ ಒಪ್ಪಿಕೊಂಡದ್ದರ ಮೇಲೆ ಲಿಯನ್ ನಿಲ್ಲುವುದಿಲ್ಲ. ನಮ್ಮವರ ನಡುವೆ ಇದು ಕಷ್ಟದ ಮಾತೆಂದು ನನಗೆ ಗೊತ್ತು. ಪರಿಚಯದವರ ಮುಂದೆ ಕರಾರು ಇಟ್ಟು ಸಹಿ ಕೇಳಿದರೆ ನಂಬಿಕೆ ಇಲ್ಲವೇ ಎಂದು ಮುಖ ಸಣ್ಣ ಮಾಡಿಕೊಳ್ಳುವವರಿದ್ದಾರೆ. ಆದರೂ ಕೇಳಲೇಬೇಕು. ನಿಮ್ಮಲ್ಲಿ ಲಿಖಿತ ಕರಾರು ಇರುವುದರಿಂದ ಸಹಿ ಯಾರದೆಂದು ಮಾತ್ರ ನೋಡಿ. ಇಲಿನಾಯ್‌ನಲ್ಲಿ ಲ್ಯಾಂಡ್ ಟ್ರಸ್ಟ್ ಎಂಬ ಪದ್ಧತಿ ಬಳಕೆಯಲ್ಲಿದೆ: ಬಾಡಿಗೆ ಎಣಿಸಿಕೊಳ್ಳುವವರು, ಕೀಲಿಕೈ ಇಟ್ಟುಕೊಂಡವರು ಒಬ್ಬರಾದರೆ, ದಾಖಲೆಯಲ್ಲಿ ಒಡೆತನವಿರುವುದು ಟ್ರಸ್ಟಿಯಾಗಿರುವ ಒಂದು ಬ್ಯಾಂಕಿನ ಹೆಸರಿನಲ್ಲಿ, ಒಂದು ಟ್ರಸ್ಟ್ ಸಂಖ್ಯೆಯ ಜೊತೆಗೆ. ಆಸ್ತಿ ಎಲ್‌ಎಲ್‌ಸಿ ಎಂಬ ಬಗೆಯ ಕಂಪನಿಯ ಹೆಸರಿನಲ್ಲಿದ್ದರೆ ಸಹಿ ಮಾಡಿದವರಿಗೆ ಅದರ ಪರವಾಗಿ ಸಹಿ ಮಾಡುವ ಅಧಿಕಾರವಿತ್ತೇ ಎಂಬ ಪ್ರಶ್ನೆ ಏಳುತ್ತದೆ. ಈ ಹೊಂದಾಣಿಕೆ ತಪ್ಪಿದರೆ ಎದುರಿನ ವಕೀಲರು ಮೊದಲ ಏಟು ಕೊಡುವುದು ಅಲ್ಲಿಯೇ.

ಕರಾರಿನಲ್ಲಿ ಬ್ರೋಕರ್ ಎಂದು ಯಾರ ಹೆಸರಿದೆಯೋ ಲಿಯನ್ ಹಕ್ಕು ಅವರದು. ನೀವು ಒಂದು ಸಂಸ್ಥೆಯ ಅಡಿಯಲ್ಲಿ ಪರವಾನಗಿ ಇಟ್ಟುಕೊಂಡು ದುಡಿಯುವವರಾದರೆ, ಓಡಾಟವೆಲ್ಲ ನಿಮ್ಮದೇ ಆಗಿದ್ದರೂ, ಲಿಯನ್ ನೋಟಿಸ್ ಹೋಗಬೇಕಾದದ್ದು ಸಂಸ್ಥೆಯ ಹೆಸರಿನಲ್ಲಿ. ಹಾಗಾಗಿ ಇಂದೇ ನಿಮ್ಮ ಮ್ಯಾನೇಜಿಂಗ್ ಬ್ರೋಕರ್ ಜೊತೆ ಕುಳಿತು ಮಾತನಾಡಿ.

ಇನ್ನು ಕಾಲದ ವಿಷಯ. ಮಾರಾಟಗಾರರ ಪರವಾಗಿರುವ ಬ್ರೋಕರ್ ತನ್ನ ಲಿಯನ್ ನೋಟಿಸನ್ನು ಆಸ್ತಿ ಕೈಬದಲಾಗುವ ಮೊದಲೇ ಕೌಂಟಿಯ, ಅಂದರೆ ಜಿಲ್ಲೆಯ, ಆಸ್ತಿ ದಾಖಲೆಯಲ್ಲಿ ನೋಂದಾಯಿಸಬೇಕು. ಮೊದಲೇ ಎಂದರೆ ಮೊದಲೇ. ಖರೀದಿದಾರರ ಪರವಾಗಿ ಲಿಖಿತ ಕರಾರು ಮಾಡಿಕೊಂಡ ಬ್ರೋಕರ್‌ಗಾದರೆ ಖರೀದಿಯ ನಂತರ 90 ದಿನಗಳ ಅವಕಾಶವಿದೆ. ಆ 90 ದಿನಗಳ ಮಾತನ್ನು ಎಲ್ಲೋ ಓದಿ ತಮಗೂ ಅಷ್ಟು ಕಾಲವಿದೆಯೆಂದು ಸುಮ್ಮನಿದ್ದ ಲಿಸ್ಟಿಂಗ್ ಬ್ರೋಕರ್‌ಗಳನ್ನು ನಾನು ಕಂಡಿದ್ದೇನೆ.

ನಾನೂ ಒಮ್ಮೆ ಹೀಗೆ ಕಳೆದುಕೊಂಡವನೇ. ಡುಪೇಜ್ ಕೌಂಟಿಯಲ್ಲಿ ಒಂದು ಸಣ್ಣ ಆಫೀಸ್ ಕಟ್ಟಡ. ಮಾಲೀಕರು ‘ಕ್ಲೋಸಿಂಗ್ ಶುಕ್ರವಾರ, ಅಂದೇ ಚೆಕ್ ಕೊಡುತ್ತೇನೆ’ ಎಂದಿದ್ದರು. ಗುರುವಾರ ಸಂಜೆ ಫೋನ್ ತೆಗೆಯಲಿಲ್ಲ. ಸೋಮವಾರ ಬೆಳಿಗ್ಗೆ ನೋಟಿಸ್ ಸಿದ್ಧಪಡಿಸಿಕೊಂಡು ಆಸ್ತಿ ದಾಖಲೆಗಳನ್ನು ನೋಂದಾಯಿಸುವ, ವೀಟನ್‌ನಲ್ಲಿರುವ ರೆಕಾರ್ಡರ್ ಕಚೇರಿಗೆ ಹೋಗಿ ಆಸ್ತಿಯ ಸಂಖ್ಯೆ ಹುಡುಕಿದರೆ, ಪರದೆಯ ಮೇಲೆ ಹೊಸ ಮಾಲೀಕರ ಹೆಸರು ಮೂಡಿತು. ಕ್ರಯಪತ್ರ ಶುಕ್ರವಾರ ಮಧ್ಯಾಹ್ನವೇ ನೋಂದಣಿಯಾಗಿತ್ತು. ಕೈಯಲ್ಲಿದ್ದ ಕಾಗದಕ್ಕೆ ಆ ಕ್ಷಣದಲ್ಲಿ ಬೆಲೆ ಹೋಯಿತು. ಕರಾರಿನ ಮೇಲೆ ಹಣದ ದಾವೆ ಹೂಡುವ ಹಕ್ಕು ಉಳಿದಿತ್ತು. ಲಿಖಿತ ಕರಾರಿಗೆ ಇಲ್ಲಿ 10 ವರ್ಷಗಳ ಕಾಲಮಿತಿ ಇದೆ, ನಿಜ. ಆದರೆ ಮಾರಾಟಗಾರರ ಕಂಪನಿಯ ಬಳಿ ಇದ್ದದ್ದು ಆ ಒಂದೇ ಕಟ್ಟಡ. ಅದು ಮಾರಿಹೋದ ಮೇಲೆ ಡಿಕ್ರಿ ಹಿಡಿದುಕೊಂಡು ಯಾರ ಬಾಗಿಲು ತಟ್ಟುವುದು? ಅಂದಿನಿಂದ ನಾನು ಕ್ಲೋಸಿಂಗ್ ದಿನಾಂಕವನ್ನು ಮಾಲೀಕರ ಮಾತಿನಿಂದಲ್ಲ, ಖರೀದಿದಾರರ ಒಡೆತನಕ್ಕೆ ವಿಮೆ ಕೊಡುವ ಟೈಟಲ್ ಕಂಪನಿಯಿಂದ ತಿಳಿದುಕೊಳ್ಳುತ್ತೇನೆ.

ನೋಟಿಸಿನಲ್ಲಿ ಹಕ್ಕು ಕೇಳುವ ಬ್ರೋಕರ್ ಹೆಸರು, ಮಾಲೀಕರ ಹೆಸರು, ಆಸ್ತಿಯ ವಿವರ, ಬಾಕಿ ಮೊತ್ತ ಮತ್ತು ಬ್ರೋಕರ್ ಪರವಾನಗಿ ಸಂಖ್ಯೆ ಇರಬೇಕು. ಬರೆದದ್ದೆಲ್ಲ ತಿಳಿದಮಟ್ಟಿಗೆ ಸತ್ಯವೆಂಬ ಹೇಳಿಕೆಯೊಂದಿಗೆ ಸಹಿ ಮತ್ತು ದೃಢೀಕರಣ ಬೇಕು. ಆಸ್ತಿಯ ವಿವರವೆಂದರೆ ಬೀದಿಯ ವಿಳಾಸವಷ್ಟೇ ಬರೆದರೆ ಸಾಲದು. ಕ್ರಯಪತ್ರದಲ್ಲಿರುವಂತೆ ಲಾಟ್ ಮತ್ತು ಬ್ಲಾಕ್ ಸಹಿತ ಪೂರ್ಣ ವಿವರವನ್ನೂ, ಕುಕ್ ಕೌಂಟಿಯಾದರೆ 14 ಅಂಕಿಗಳ ಆಸ್ತಿ ಸೂಚ್ಯಂಕ ಸಂಖ್ಯೆಯನ್ನೂ ಹಾಕಿ. ಸ್ಟ್ರಿಪ್ ಮಾಲ್‌ಗಳಲ್ಲಿ ಕಟ್ಟಡಕ್ಕೊಂದು, ವಾಹನ ನಿಲ್ಲಿಸುವ ಜಾಗಕ್ಕೊಂದು ಎಂದು ಎರಡು ಸಂಖ್ಯೆಗಳಿರುವುದುಂಟು, ಎರಡನ್ನೂ ಪರಿಶೀಲಿಸಿ. ಕುಕ್ ಕೌಂಟಿಯಲ್ಲಿ 2020ರ ಕೊನೆಯಲ್ಲಿ ರೆಕಾರ್ಡರ್ ಕಚೇರಿ ಕೌಂಟಿ ಕ್ಲರ್ಕ್ ಕಚೇರಿಯೊಳಗೆ ಸೇರಿಹೋಗಿರುವುದರಿಂದ ಈಗ ನೋಂದಣಿ ಅಲ್ಲಿಯೇ. ನೋಂದಣಿಯಾದ 10 ದಿನಗಳೊಳಗೆ ಅದರ ಪ್ರತಿಯನ್ನು ಮಾಲೀಕರಿಗೆ ರಿಜಿಸ್ಟರ್ಡ್ ಅಥವಾ ಸರ್ಟಿಫೈಡ್ ಅಂಚೆಯಲ್ಲಿ ಕಳುಹಿಸಬೇಕು. ಕಳುಹಿಸದಿದ್ದರೆ ಲಿಯನ್ ಅಲ್ಲಿಗೇ ಬಿದ್ದುಹೋಗುತ್ತದೆ. ಅಂಚೆಯ ಹಸಿರು ರಸೀದಿಯನ್ನು ಕಳೆಯಬೇಡಿ.

ಇಷ್ಟಾದ ಮೇಲೆ ಏನಾಗುತ್ತದೆ? ಕಟ್ಟಡ ಹರಾಜಿಗೆ ಬರುತ್ತದೆಂದು ಹೊಸಬರು ಊಹಿಸುತ್ತಾರೆ. ಹಾಗಲ್ಲ. ಟೈಟಲ್ ಕಂಪನಿ ಕ್ಲೋಸಿಂಗ್‌ಗೆ ಮುನ್ನ ದಾಖಲೆಗಳನ್ನು ಮತ್ತೊಮ್ಮೆ ಹುಡುಕುತ್ತದೆ. ಆಗ ನಿಮ್ಮ ಲಿಯನ್ ಅವರ ವರದಿಯಲ್ಲಿ ಆಸ್ತಿಯ ಮೇಲಿನ ಹೊರೆಗಳನ್ನು ಪಟ್ಟಿಮಾಡುವ ಶೆಡ್ಯೂಲ್ ಬಿ ಭಾಗದಲ್ಲಿ, ಬ್ಯಾಂಕಿನ ಅಡಮಾನದ ಕೆಳಗೆ, ಒಂದು ಸಾಲಾಗಿ ಕಾಣಿಸಿಕೊಳ್ಳುತ್ತದೆ. ಆ ಒಂದು ಸಾಲು ತೆರವಾಗದೆ ಖರೀದಿದಾರರಿಗೆ ಸಾಲ ಕೊಡುವ ಬ್ಯಾಂಕ್ ಹಣ ಬಿಡುಗಡೆ ಮಾಡಲು ಒಪ್ಪುವುದಿಲ್ಲ. ವರ್ಷಗಳ ಹಿಂದೆ ಒಂದು ಗೋದಾಮಿನ ವ್ಯವಹಾರದಲ್ಲಿ ನನ್ನ ಎರಡು ತಿಂಗಳ ಪತ್ರಗಳಿಗೆ ಉತ್ತರವನ್ನೇ ಕೊಡದಿದ್ದ ಮಾರಾಟಗಾರರ ಕಡೆಯಿಂದ, ನೋಟಿಸ್ ನೋಂದಣಿಯಾದ ಎರಡನೇ ದಿನವೇ ಅವರ ವಕೀಲರ ಕರೆ ಬಂದಿತು.

ಆದರೆ ಮಾರಾಟವನ್ನೇ ಕೆಡಿಸುವುದು ಕಾಯಿದೆಯ ಉದ್ದೇಶವಲ್ಲ. ಲಿಯನ್‌ನಿಂದ ಕ್ಲೋಸಿಂಗ್ ನಿಲ್ಲುವಂತಾದರೆ, ಮಾರಾಟದ ಹಣದಲ್ಲಿ ಬಾಕಿಗೆ ಸಾಕಾಗುವಷ್ಟನ್ನು ಎಸ್ಕ್ರೋ ಖಾತೆಯಲ್ಲಿ, ಅಂದರೆ ತಕರಾರು ಮುಗಿಯುವವರೆಗೆ ಮೂರನೆಯವರ ಬಳಿ, ಇಟ್ಟು ವ್ಯವಹಾರ ಮುಗಿಸಲು ಅದರಲ್ಲೇ ಅವಕಾಶವಿದೆ. ಆಗ ನಿಮ್ಮ ಹಕ್ಕು ಕಟ್ಟಡದಿಂದ ಇಳಿದು ಆ ಹಣದ ಮೇಲೆ ಕೂರುತ್ತದೆ. ಇದನ್ನು ನೀವೇ ಮೊದಲು ಸೂಚಿಸುವುದು ಒಳ್ಳೆಯದು. ನಿಮ್ಮ ಜಗಳ ಮಾರಾಟಗಾರರೊಂದಿಗೆ. ಖರೀದಿದಾರರು ಯಾವ ತಪ್ಪೂ ಮಾಡಿಲ್ಲ, ನಾಳೆ ಅವರೇ ನಿಮಗೆ ಇನ್ನೊಂದು ಕಟ್ಟಡದ ಕೆಲಸ ಕೊಡಬಹುದಾದವರು.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಮೊದಲೇ ನೋಂದಣಿಯಾಗಿರುವ ಅಡಮಾನ ನಿಮ್ಮ ಲಿಯನ್‌ಗಿಂತ ಮುಂದಿರುತ್ತದೆ, ಆದ್ದರಿಂದ ಬ್ಯಾಂಕಿನ ಸಾಲವೇ ಬೆಲೆಯನ್ನೆಲ್ಲ ನುಂಗುವಂತಿದ್ದರೆ ನಿಮಗೆ ಉಳಿಯುವುದು ಕಡಿಮೆ. ಜೊತೆಗೆ, ನೋಂದಣಿಯಾದ ದಿನದಿಂದ 2 ವರ್ಷಗಳೊಳಗೆ ದಾವೆ ಹೂಡದಿದ್ದರೆ ಲಿಯನ್ ಅಳಿಯುತ್ತದೆ. ಮಾಲೀಕರು ದಾವೆ ಹೂಡಿ ಎಂದು ಲಿಖಿತವಾಗಿ ಒತ್ತಾಯಿಸಿದರೆ ಆ ಅವಧಿ 30 ದಿನಗಳಿಗೆ ಇಳಿಯುತ್ತದೆ. ಸೋತವರು ಗೆದ್ದವರ ವಕೀಲರ ಶುಲ್ಕವನ್ನೂ ಹೊರಬೇಕಾಗುವುದರಿಂದ, ಕರಾರಿನಲ್ಲಿ ಇಲ್ಲದ ಒಂದು ಡಾಲರನ್ನೂ ಮೊತ್ತಕ್ಕೆ ಸೇರಿಸಬೇಡಿ.

ಕರ್ನಾಟಕದ ಮಾತಿಗೆ ಬಂದರೆ, ಅಲ್ಲಿ ಬ್ರೋಕರ್‌ಗೆ ಇಂಥ ನೋಂದಾಯಿತ ಲಿಯನ್ ಇಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 221ನೇ ಕಲಂ, ಏಜೆಂಟ್ ತನ್ನ ಕಮಿಷನ್ ಬರುವವರೆಗೆ ತನ್ನ ಕೈಗೆ ಬಂದಿರುವ ಮಾಲೀಕನ ಸರಕು, ಕಾಗದಪತ್ರ ಮತ್ತು ಇತರ ಆಸ್ತಿಯನ್ನು ಇಟ್ಟುಕೊಳ್ಳಬಹುದು ಎನ್ನುತ್ತದೆ. ಸ್ಥಿರಾಸ್ತಿಯ ಉಲ್ಲೇಖವೂ ಅದರಲ್ಲಿದೆ. ಆದರೆ ಅದು ಕೈಯಲ್ಲಿರುವುದನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಮಾತ್ರ. ಕಟ್ಟಡ ತೋರಿಸಲು ಕೀಲಿಕೈ ಪಡೆದ ದಲ್ಲಾಳಿಯ ವಶಕ್ಕೆ ಕಟ್ಟಡ ಬಂದಿರುವುದಿಲ್ಲ, ಅವನ ಬಾಕಿ ಋಣಭಾರ ಪ್ರಮಾಣಪತ್ರದಲ್ಲಿ ಕಾಣುವುದೂ ಇಲ್ಲ. ಅಲ್ಲಿ ಉಳಿಯುವ ದಾರಿ 3 ವರ್ಷಗಳೊಳಗೆ ಹಣದ ದಾವೆ, ಮತ್ತು ಎದುರಾಳಿ ಡಿಕ್ರಿಯನ್ನು ತಪ್ಪಿಸಲು ಆಸ್ತಿ ಸಾಗಹಾಕುತ್ತಿದ್ದಾನೆಂದು ತೋರಿಸಲು ಸಾಧ್ಯವಾದರೆ ತೀರ್ಪಿಗೆ ಮುನ್ನವೇ ಜಪ್ತಿ ಕೋರುವ ಅರ್ಜಿ. ಬೆಂಗಳೂರಿನಲ್ಲಿ ಇದೇ ವೃತ್ತಿಯಲ್ಲಿರುವ ನನ್ನ ಗೆಳೆಯರು ಕಮಿಷನ್‌ನ ಒಂದು ಭಾಗವನ್ನು ಕ್ರಯದ ಕರಾರಿನ ದಿನವೇ ಪಡೆದುಕೊಳ್ಳುವುದು ಇದೇ ಕಾರಣಕ್ಕೆ.

ನಾಳೆ ವಕೀಲರ ಬಳಿ ಹೋಗುವಾಗ ಲಿಸ್ಟಿಂಗ್ ಕರಾರು, ಖರೀದಿ ಕರಾರು, ಕಮಿಷನ್ ಕೊಡುವುದಿಲ್ಲವೆಂದು ಮಾಲೀಕರು ಬರೆದ ಇಮೇಲ್, ಟೈಟಲ್ ಕಂಪನಿಯ ವರದಿ, ಈ ನಾಲ್ಕನ್ನೂ ತೆಗೆದುಕೊಂಡು ಹೋಗಿ. ನೋಟಿಸ್ ಬರೆಸುವಾಗಲೇ ಲಿಯನ್ ಬಿಡುಗಡೆ ಪತ್ರವನ್ನೂ ಬರೆಸಿ ಸಿದ್ಧವಾಗಿಟ್ಟುಕೊಳ್ಳಿ. ಕ್ಲೋಸಿಂಗ್ ಮೇಜಿನಲ್ಲಿ 96,000 ಡಾಲರ್ ಕೈಸೇರುವ ಹೊತ್ತಿಗೆ ಅದನ್ನು ನೀವು ಅಲ್ಲೇ ಸಹಿ ಮಾಡಿ ಕೊಡಬೇಕಾಗುತ್ತದೆ.