ಗಿರಣಿಗೆ ಬಂದ ಸಾಫ್ಟ್‌ವೇರ್ ಪದ್ಧತಿ: ತಂದೆ-ಮಗನ ಒಂದು ಪ್ರಕರಣ

(ಗುರುತು ಸಿಗಬಾರದೆಂಬ ಕಾರಣಕ್ಕೆ ಊರು ಹಾಗೂ ಮನೆತನದ ವಿವರಗಳನ್ನು ಬದಲಿಸಲಾಗಿದೆ, ಪ್ರಕಟಣೆಗೆ ಇಬ್ಬರ ಒಪ್ಪಿಗೆಯೂ ಇದೆ.)

ಸಲಹಾರ್ಥಿಯ ವಯಸ್ಸು 34. ಬೆಂಗಳೂರಿನಲ್ಲಿ ಒಂಬತ್ತು ವರ್ಷ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದವರು, ತಂದೆಗೆ ಹೃದಯದ ತೊಂದರೆ ಕಾಣಿಸಿಕೊಂಡ ಮೇಲೆ ಕೆಲಸ ಬಿಟ್ಟು ಹಾವೇರಿ ಸೀಮೆಯ ತಮ್ಮೂರಿಗೆ ಮರಳಿ, ಮನೆತನದ ಖಾರದ ಪುಡಿ ಗಿರಣಿಯ ಉಸ್ತುವಾರಿ ವಹಿಸಿಕೊಂಡಿದ್ದರು. ಒಂದೂವರೆ ವರ್ಷದ ನಂತರ ಆಪ್ತಸಲಹೆಗೆಂದು ನನ್ನಲ್ಲಿಗೆ ಬಂದಾಗ ಹೇಳಿಕೊಂಡದ್ದು ರಾತ್ರಿ ನಿದ್ದೆ ಬಾರದ ತೊಂದರೆಯನ್ನು ಮಾತ್ರ. ತಂದೆ ಎರಡು ತಿಂಗಳಿಂದ ಗಿರಣಿಯತ್ತ ಕಾಲಿಟ್ಟಿಲ್ಲ, ಮನೆಯಲ್ಲಿ ಇಬ್ಬರ ಮಾತೂ ತಾಯಿಯ ಮೂಲಕವೇ ಹೋಗಿ ಬರುತ್ತಿದೆ, ಹಳೆಯ ಕೆಲಸಗಾರರಲ್ಲಿ ಮೂವರು ಬೇರೆ ಗಿರಣಿ ಸೇರಿದ್ದಾರೆ ಎಂಬುದೆಲ್ಲ ಒಂದೊಂದಾಗಿ ಹೊರಬಂದದ್ದು ಆಮೇಲೆ.

ಅವರು ಮಾಡಿದ್ದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಬೆಂಗಳೂರಿನ ಕಚೇರಿಯಲ್ಲಿ ಫಲ ಕೊಟ್ಟ ಪದ್ಧತಿಗಳನ್ನು ಒಂದೇ ಹಂಗಾಮಿನಲ್ಲಿ ಗಿರಣಿಗೆ ತಂದಿದ್ದರು. ಬೆಳಿಗ್ಗೆ ಎಲ್ಲರೂ ವೃತ್ತಾಕಾರವಾಗಿ ನಿಂತು ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುವೆ, ಅಡ್ಡಿ ಏನಿದೆ ಎಂದು ಹೇಳಬೇಕಿತ್ತು. ಗೋಡೆಯ ಫಲಕದಲ್ಲಿ ಪ್ರತಿಯೊಬ್ಬರ ಹೆಸರು, ಅದರ ಮುಂದೆ ಆ ದಿನ ಮುಗಿಸಿದ ಕಿಲೋಗಳ ಲೆಕ್ಕ. ಹದಿನೈದು ದಿನಕ್ಕೊಮ್ಮೆ ಎಲ್ಲರೂ ಸೇರಿ ಎಲ್ಲಿ ತಪ್ಪಾಯಿತು ಎಂದು ಮಾತಾಡುವ ಸಭೆ. ಮೆಣಸಿನಕಾಯಿ ತೊಟ್ಟು (ಅಲ್ಲಿನ ಮಾತಿನಲ್ಲಿ ತುಂಬು) ಬಿಡಿಸುವ ಹಿರಿಯ ಹೆಣ್ಣುಮಗಳೊಬ್ಬರು ನಾಲ್ಕನೆಯ ದಿನ, “ನಿನ್ನಿ ತುಂಬು ಬಿಡಿಸೀನ್ರಿ, ಇವತ್ತೂ ತುಂಬು ಬಿಡಸ್ತೀನ್ರಿ, ಅಡ್ಡಿ ಅಂದ್ರ ಈ ನಿಂತ್ಕೊಳ್ಳೂದೊಂದ ನೋಡ್ರಿ ಸಣ್ಣ ಸಾವ್ಕಾರ” ಎಂದರಂತೆ. ಎಲ್ಲರೂ ನಕ್ಕರು. ಸಲಹಾರ್ಥಿ ಇದನ್ನು ನನಗೆ ಅವಮಾನದ ಸಂಗತಿಯಾಗಿ ಹೇಳಿದರು. ನನಗೆ ಮಾತ್ರ ಅವರು ಕೇಳಿದ ಮೂರನೆಯ ಪ್ರಶ್ನೆಗೆ ಇಡೀ ಗಿರಣಿಯಲ್ಲಿ ಪ್ರಾಮಾಣಿಕ ಉತ್ತರ ಕೊಟ್ಟವರು ಆಕೆಯೊಬ್ಬರೇ ಎನಿಸಿತು.

ಜಗಳ ಹತ್ತಿದ್ದು ಬೆರಕೆಯ ವಿಷಯದಲ್ಲಿ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಖಾರಕ್ಕೆಂದು ಗುಂಟೂರು ಕಾಯಿಯನ್ನು ಸೇರಿಸುವುದು ವಾಡಿಕೆ. ಎಷ್ಟಕ್ಕೆ ಎಷ್ಟು ಎಂಬುದು ಆ ವರ್ಷದ ಮಳೆ, ಕಾಯಿ ಒಣಗಿದ ಬಗೆ, ಕೊಳ್ಳುವವರ ರುಚಿ ಇವುಗಳ ಮೇಲೆ ನಿಂತಿರುತ್ತದೆ, ಮತ್ತು ಈ ಲೆಕ್ಕ ತಂದೆಯವರ ತಲೆಯಲ್ಲಿ ಮಾತ್ರ ಇತ್ತು. ಮಗ ಅದನ್ನು ಒಂದು ಸ್ಥಿರ ಪ್ರಮಾಣಕ್ಕೆ ತಂದು, ಅರ್ಧ ಗಿರಾಕಿಗಳಿಗೆ ಹಳೆಯ ಬೆರಕೆಯನ್ನೂ ಉಳಿದರ್ಧಕ್ಕೆ ಹೊಸದನ್ನೂ ಕಳಿಸಿ, ಯಾವುದು ಹೆಚ್ಚು ಓಡುತ್ತದೆ ಎಂದು ನೋಡಲು ಹೊರಟರು. ವೆಬ್‌ಸೈಟಿನಲ್ಲಿ ಇದು ದಿನನಿತ್ಯದ ಕೆಲಸ. ಫಲ ಬಾರದಿದ್ದರೆ ಹಳೆಯ ಪುಟವನ್ನು ಕೆಲವೇ ನಿಮಿಷಗಳಲ್ಲಿ ಮರಳಿ ಹಾಕಬಹುದು. ಇಲ್ಲಿ ಮಾಲು ಆಗಲೇ ಖಾನಾವಳಿಗಳ ಒಗ್ಗರಣೆಗೆ ಬಿದ್ದಿತ್ತು. ಚೀಲಗಳು ವಾಪಸು ಬಂದವು, ಇಬ್ಬರು ಹಳೆಯ ಗಿರಾಕಿಗಳು ಕೈಬಿಟ್ಟರು. ಮುಂದಿನ ಸಭೆಯಲ್ಲಿ ಕೆಲಸಗಾರರ ಎದುರಿಗೆ ಮಗ, ಪ್ರಮಾಣವನ್ನು ಇಷ್ಟು ವರ್ಷ ಯಾರೂ ಬರೆದಿಡದ ಕಾರಣ ಹೀಗಾಯಿತು ಎಂದರು. ಆ “ಯಾರೂ” ಯಾರೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮೂರನೆಯ ಭೇಟಿಗೆ ಒಪ್ಪಿ ಬಂದ ತಂದೆ ಹೆಚ್ಚು ಮಾತಾಡಲಿಲ್ಲ. “ನನ್ನ ಗಿರಣ್ಯಾಗ ನನಗ ಪರೀಕ್ಷೆ ಇಟ್ಟಾನ್ರಿ, ಅದೂ ಆಳುಗಳ ಮುಂದ” ಎಂದಷ್ಟೇ ಹೇಳಿದರು.

ಕೋವಿಡ್ ನಂತರ ಊರಿಗೆ ಮರಳಿದ ಎಂಜಿನಿಯರುಗಳು ನನ್ನಲ್ಲಿಗೆ ಬರುವುದು ಹೆಚ್ಚಿದ್ದು, ಅವರ ಕಸುಬಿನ ಪದ್ಧತಿಗಳ ಬಗ್ಗೆ ನಾನೂ ಅಷ್ಟಿಷ್ಟು ಓದಿಕೊಂಡಿದ್ದೇನೆ. 2001ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ 17 ಮಂದಿ ತಂತ್ರಾಂಶ ಪರಿಣತರು ಸೇರಿ ಹೊರಡಿಸಿದ ಅಜೈಲ್ (ಕೆಲಸವನ್ನು ಸಣ್ಣ ಕಂತುಗಳಲ್ಲಿ ಮಾಡುತ್ತ ಆಗಾಗ ತಿದ್ದಿಕೊಳ್ಳುವ ಪದ್ಧತಿ) ಪ್ರಣಾಳಿಕೆಯ ಮೊದಲ ಮಾತೇ, ಪ್ರಕ್ರಿಯೆ ಮತ್ತು ಸಲಕರಣೆಗಳಿಗಿಂತ ಮನುಷ್ಯರಿಗೂ ಅವರ ಪರಸ್ಪರ ಒಡನಾಟಕ್ಕೂ ಹೆಚ್ಚಿನ ಬೆಲೆ ಎಂಬುದು. ಫಲಕದ ಪದ್ಧತಿಯಾದ ಕಾನ್‌ಬಾನ್ ಹುಟ್ಟಿದ್ದಂತೂ ಕಾರ್ಖಾನೆಯಲ್ಲಿ. ಜಪಾನಿನ ಟೊಯೊಟಾದಲ್ಲಿ ತಾಯಿಚಿ ಓನೊ ರೂಪಿಸಿದ್ದನ್ನು ಸಾಫ್ಟ್‌ವೇರಿನವರು ಬಹಳ ಕಾಲದ ಮೇಲೆ ಎರವಲು ಪಡೆದರು. ಅಲ್ಲಿ ಕಾನ್‌ಬಾನ್ ಎಂದರೆ ಒಂದು ಚೀಟಿ, ಅದರ ಮೇಲೆ ಇರುತ್ತಿದ್ದದ್ದು ಬೇಕಾದ ಬಿಡಿಭಾಗದ ವಿವರ, ಕೆಲಸಗಾರನ ಅಂಕಪಟ್ಟಿಯಲ್ಲ. ಸಲಹಾರ್ಥಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು. ಹಳೆಯ ಕಚೇರಿಯಲ್ಲಿ ನಡುರಾತ್ರಿ ಸರ್ವರ್ ನಿಂತುಹೋದರೆ ಮರುದಿನ ಮೊದಲು ಏನು ಕೇಳುತ್ತಿದ್ದಿರಿ ಎಂದಾಗ, “ಏನಾಯಿತು, ಯಾವ ಕ್ರಮದಲ್ಲಿ ಆಯಿತು ಎಂದು. ಯಾರು ಮಾಡಿದರು ಎಂದು ಕೇಳುವಂತಿರಲಿಲ್ಲ” ಎಂದು ತಕ್ಷಣ ಹೇಳಿ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದರು.

ನನ್ನ ಅಂದಾಜಿನಲ್ಲಿ ತೊಂದರೆಯ ಬೇರು ಪದ್ಧತಿಗಳಲ್ಲಿ ಇರಲಿಲ್ಲ. ಗಿರಣಿಯ ಕೊನೆಯ ಮಾತು ಯಾರದು ಎಂಬುದನ್ನು ತಂದೆಯೊಂದಿಗೆ ನೇರವಾಗಿ ಕೂತು ಮಾತಾಡುವ ಧೈರ್ಯ ಮಗನಿಗೆ ಬಂದಿರಲಿಲ್ಲ. ಅದನ್ನು ಫಲಕದ ಕೈಯಲ್ಲಿ, ಸಭೆಯ ಕೈಯಲ್ಲಿ ಹೇಳಿಸಲು ಹೋಗಿದ್ದರು. ಜೊತೆಗೆ, ಬಿಟ್ಟು ಬಂದ ವೃತ್ತಿಯ ಕೊರಗು ಇನ್ನೂ ಆರಿರಲಿಲ್ಲ. ಆ ಪದ್ಧತಿಗಳು ಊರಿನಲ್ಲಿ ನಡೆದರೆ ಒಂಬತ್ತು ವರ್ಷ ದಂಡವಾಗಲಿಲ್ಲ ಎಂಬ ಸಮಾಧಾನ ಅವರಿಗೆ ಬೇಕಿತ್ತು. ಇದನ್ನು ಅವರಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ.

ಕೊಟ್ಟ ಸಲಹೆಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಬೆರಕೆಯ ಪುಸ್ತಕ. ತಂತ್ರಾಂಶದವರು ಪ್ರತಿ ಬದಲಾವಣೆಯನ್ನೂ ಯಾವಾಗ, ಯಾಕೆ ಮಾಡಿದೆವೆಂದು ದಾಖಲಿಸುತ್ತಾರೆ, ಹಳೆಯದನ್ನು ಅಳಿಸುವುದಿಲ್ಲ. ಈ ಶಿಸ್ತು ತಂದೆಗೆ ಹೊಸದೇನಲ್ಲ: ಅವರ ಕಿರ್ದಿ ಪುಸ್ತಕದಲ್ಲಿ ತಪ್ಪಾದ ಬಾಬನ್ನು ಉಜ್ಜಿ ಅಳಿಸಿದ ಒಂದು ಗುರುತೂ ಇಲ್ಲ, ಸರಿಪಡಿಸಿದ ಬಾಬು ಕೆಳಗೆ ಬೇರೆಯಾಗಿ ಬಂದಿರುತ್ತದೆ. ಆಹಾರ ಸುರಕ್ಷತಾ ನಿಯಮದಂತೆ ಪೊಟ್ಟಣದ ಮೇಲೆ ಬ್ಯಾಚ್ ಸಂಖ್ಯೆ ಹೇಗೂ ಹಾಕಲೇಬೇಕು. ಆ ಸಂಖ್ಯೆಗೆ ಸರಿಯಾಗಿ ಪುಸ್ತಕದಲ್ಲಿ ಒಂದು ಪುಟ ಇರಲಿ. ಬ್ಯಾಡಗಿಯ ಎರಡು ಬಗೆಗಳಾದ ಕಡ್ಡಿ ಎಷ್ಟು, ಡಬ್ಬಿ ಎಷ್ಟು, ಗುಂಟೂರು ಎಷ್ಟು, ತೇವಾಂಶ ಎಷ್ಟು ಎಂಬುದರ ಪಕ್ಕದಲ್ಲಿ “ಕಾರಣ” ಎಂಬ ಕಾಲಂ ಇರಲಿ ಎಂದೆ. ತಂದೆ ಹೇಳಬೇಕು, ಮಗ ಬರೆಯಬೇಕು. ಬರೆಯುವಾಗ ತಿದ್ದಬಾರದು, ವಾದಿಸಬಾರದು. ಮೊದಲ ಪುಟದ ಕಾರಣದ ಕಾಲಮಿನಲ್ಲಿ ತಂದೆ ಬರೆಸಿದ್ದು, “ಕಾಯಿ ಮುರಿದಾಗ ಸಪ್ಪಳ ಬರಲಿಲ್ಲ, ಇನ್ನೆರಡು ಬಿಸಿಲು ಬೇಕು.” ಮಗ ಮಾಪಕ ಹಿಡಿದು ನೋಡಿದರೆ ತೇವಾಂಶ ನಿಯಮದ ಮಿತಿಯಾದ ಶೇ 11ಕ್ಕಿಂತ ಮೇಲಿತ್ತು. ಅಂದಿನಿಂದ ಇಬ್ಬರ ಕೆಲಸವೂ ಸುಲಭವಾಯಿತು. ಮಾಪಕ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ತಂದೆಗೂ ಬಂದಿತ್ತು.

ಬೆಳಗಿನ ಸಭೆಯನ್ನು ನಿಲ್ಲಿಸಲು ಹೇಳಿದೆ. ಗುಮಾಸ್ತರು ಮತ್ತು ಯಂತ್ರ ನಡೆಸುವವರ ಜೊತೆ ಕೂತು ಐದು ನಿಮಿಷ ಆ ದಿನದ ಆರ್ಡರುಗಳನ್ನು ಮಾತಾಡಿಕೊಂಡರೆ ಸಾಕು. ಫಲಕ ಉಳಿಯಲಿ, ಹೆಸರುಗಳು ಹೋಗಲಿ, ಆ ಜಾಗದಲ್ಲಿ ಆರ್ಡರುಗಳು ಬರಲಿ, ಏಕಕಾಲಕ್ಕೆ ಎರಡಕ್ಕಿಂತ ಹೆಚ್ಚು ಬೆರಕೆ ಯಂತ್ರಕ್ಕೆ ಹೋಗದಿರಲಿ ಎಂದಾಗ ಇದನ್ನು ಯಂತ್ರದವರು ಮೊದಲಿನಿಂದಲೂ ಕೇಳುತ್ತಿದ್ದರೆಂದು ತಿಳಿಯಿತು.

ಹೊಸ ಬೆರಕೆಯ ಪ್ರಯೋಗವನ್ನು ಬಿಡಬೇಕಿಲ್ಲ. ಪರಿಚಯದ ಒಬ್ಬ ಗಿರಾಕಿಗೆ ಮೊದಲೇ ತಿಳಿಸಿ ಒಂದು ಚೀಲ ಕೊಡಬೇಕು, ಒಪ್ಪದಿದ್ದರೆ ಹಣ ಕೇಳಬಾರದು, ಪ್ರತಿ ಬ್ಯಾಚಿನ ಒಂದು ಮಾದರಿ ಪೊಟ್ಟಣ ಗಿರಣಿಯಲ್ಲಿ ಉಳಿಸಿಕೊಳ್ಳಬೇಕು. ಹಿಂದಕ್ಕೆ ತೆಗೆದುಕೊಳ್ಳಲಾಗದ ಬದಲಾವಣೆಗೆ ತಂದೆಯ ಒಪ್ಪಿಗೆ ಬೇಕು, ತೆಗೆದುಕೊಳ್ಳಬಹುದಾದದ್ದಕ್ಕೆ ಬೇಕಿಲ್ಲ ಎಂಬ ಗೆರೆಯನ್ನು ಇಬ್ಬರೂ ನನ್ನೆದುರಿಗೆ ಒಪ್ಪಿದರು. ತಪ್ಪಿನ ಪರಾಮರ್ಶೆ ಕೆಲಸಗಾರರ ಮುಂದೆ ಬೇಡ. ತಿಂಗಳಿಗೊಮ್ಮೆ ಮನೆಯಲ್ಲಿ ಇಬ್ಬರೇ ಕೂತು ಮಾಡಬೇಕು, ಹೆಸರು ಎತ್ತಬಾರದು, ಮಾತು ತಾಯಿಯ ಮೂಲಕ ಹೋಗಬಾರದು. ಈ ಕೊನೆಯದನ್ನು ಸೇರಿಸಿದ್ದು ತಾಯಿಯವರ ಕೋರಿಕೆಯ ಮೇರೆಗೆ.

ನಿದ್ದೆಯ ಮಟ್ಟಿಗೆ, ರಾತ್ರಿ ಹತ್ತರ ಮೇಲೆ ಮಾರಾಟದ ಅಂಕಿಅಂಶಗಳನ್ನು ಮೊಬೈಲಿನಲ್ಲಿ ನೋಡುವುದನ್ನು ಬಿಟ್ಟ ಮೇಲೆ ಸುಧಾರಿಸಿದೆ, ಔಷಧಿ ಬೇಕಾಗಲಿಲ್ಲ. ಬೇರೆ ಗಿರಣಿ ಸೇರಿದ ಮೂವರಲ್ಲಿ ಒಬ್ಬರು ಮರಳಿದ್ದಾರೆ.

ಉದ್ರಿಯ ವಿಷಯ ಇನ್ನೂ ಬಗೆಹರಿದಿಲ್ಲ. ನಿಗದಿತ ದಿನ ದಾಟಿದ ಅಂಗಡಿಗಳಿಗೆ ಮಾಲು ತಾನಾಗಿಯೇ ನಿಲ್ಲುವಂತೆ ಮಗ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ, ತಂದೆ ಅದನ್ನು ಒಪ್ಪುತ್ತಿಲ್ಲ. ಬೆಳೆ ಕೆಟ್ಟ ವರ್ಷ ಅದೇ ಅಂಗಡಿಯವರು ಮುಂಗಡ ಕೊಟ್ಟು ಗಿರಣಿ ನಡೆಸಿದ್ದರು ಎನ್ನುತ್ತಾರೆ. ಆ ವ್ಯವಸ್ಥೆಯನ್ನು ಸದ್ಯಕ್ಕೆ ಬಂದ್ ಮಾಡಿ, ಉದ್ರಿ ಇರುವ ಪ್ರತಿ ಅಂಗಡಿಯ ಎದುರಿಗೂ ತಂದೆಯಿಂದ ಕಾರಣ ಬರೆಸಿಕೊಂಡು ಮುಂದಿನ ಭೇಟಿಗೆ ತರಬೇಕೆಂದು ತಿಳಿಸಿದ್ದೇನೆ.