ಚುನಾವಣೆ ಹತ್ತಿರವಾದಾಗ ನ್ಯಾಯಾಲಯ ಕೈಕಟ್ಟಿ ಕೂರುವುದೇಕೆ?

ಅಮೆರಿಕದ ಅಲಬಾಮಾ ರಾಜ್ಯದ ಕ್ಷೇತ್ರ ನಕ್ಷೆಯನ್ನು ಕೆಳ ನ್ಯಾಯಾಲಯವೇ ತಡೆದಿದ್ದರೂ 2022ರ ಚುನಾವಣೆ ಅದೇ ನಕ್ಷೆಯ ಮೇಲೆ ನಡೆದದ್ದು ಹೇಗೆ ಎಂದು ತಾವು ಕೇಳಿದ್ದೀರಿ. ಉತ್ತರವಿರುವುದು 'ಪರ್ಸೆಲ್ ತತ್ವ'ದಲ್ಲಿ, ಅಂದರೆ ಚುನಾವಣೆ ಹತ್ತಿರವಾದಾಗ ಒಕ್ಕೂಟದ ನ್ಯಾಯಾಲಯಗಳು ಅದರ ನಿಯಮಗಳನ್ನು ಬದಲಿಸಬಾರದು ಎಂಬ ನಿಲುವಿನಲ್ಲಿ. ಇದಕ್ಕೆ ಹೆಸರು ಕೊಟ್ಟದ್ದು ಪರ್ಸೆಲ್ ಪ್ರಕರಣ. 2006ರ ಅಕ್ಟೋಬರ್‌ನಲ್ಲಿ, ಮತದಾನಕ್ಕೆ ಮೂರು ವಾರವೂ ಉಳಿದಿಲ್ಲದಾಗ, ಅರಿಜೋನಾದ ಗುರುತುಪತ್ರ ನಿಯಮಕ್ಕೆ ಬಿದ್ದಿದ್ದ ತಡೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ ತೆರವುಗೊಳಿಸಿತು. ನಿಯಮ ಸರಿಯೋ ತಪ್ಪೋ ಎಂಬುದನ್ನು ಅದು ನಿರ್ಣಯಿಸಲಿಲ್ಲ, ಕೊನೆಗಳಿಗೆಯ ಆದೇಶಗಳಿಂದ ಮತದಾರರು ಗೊಂದಲಕ್ಕೊಳಗಾಗಿ ಮತಗಟ್ಟೆಯಿಂದಲೇ ದೂರ ಉಳಿಯಬಹುದು ಎಂದಷ್ಟೇ ಎಚ್ಚರಿಸಿತು.

ಈ ಕಾಳಜಿ ಪೂರ್ತಿ ನೆಪವೇನಲ್ಲ. ಸೈನಿಕರಿಗೂ ವಿದೇಶದಲ್ಲಿರುವ ಮತದಾರರಿಗೂ, ಅವರು ಸಮಯಕ್ಕೆ ಕೋರಿದ್ದರೆ, ಮತಪತ್ರವನ್ನು 45 ದಿನ ಮೊದಲೇ ಕಳುಹಿಸಬೇಕೆಂದು ಒಕ್ಕೂಟದ ಕಾನೂನು ಹೇಳುವುದರಿಂದ, ಗಡಿ ಬದಲಾದರೆ ಮತದಾರರನ್ನು ಹೊಸದಾಗಿ ಕ್ಷೇತ್ರಗಳಿಗೆ ಹಂಚಿ ಮತಪತ್ರ ಮುದ್ರಿಸಲು ಸ್ಥಳೀಯ ಅಧಿಕಾರಿಗಳಿಗೆ ಸಿಗುವ ಅವಧಿ ನಿಜಕ್ಕೂ ಕಿರಿದು.

ಆದರೆ ಅಲಬಾಮಾದಲ್ಲಿ ತಡೆಯಾಜ್ಞೆ ಬಂದದ್ದು ಜನವರಿಯಲ್ಲಿ, ಸಾರ್ವತ್ರಿಕ ಚುನಾವಣೆ ಇದ್ದದ್ದು ನವೆಂಬರ್‌ನಲ್ಲಿ! ಅಂಚೆ ಮತದಾನದ ಮೂಲಕ ಪ್ರಾಥಮಿಕ ಚುನಾವಣೆ (ಪಕ್ಷಗಳ ಅಭ್ಯರ್ಥಿಗಳನ್ನು ಆರಿಸುವ ಮತದಾನ) ಏಳು ವಾರಗಳಲ್ಲೇ ಆರಂಭವಾಗುತ್ತದೆ ಎಂದು ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಕ್ಯಾವನಾ ಫೆಬ್ರವರಿಯಲ್ಲಿ ಬರೆದರು. 5-4ರ ಬಹುಮತದಲ್ಲಿ ಆ ತಡೆಯಾಜ್ಞೆಗೇ ತಡೆ ಬಿತ್ತು. 2023ರ ಜೂನ್‌ನಲ್ಲಿ ಅದೇ ಸುಪ್ರೀಂ ಕೋರ್ಟ್ ಕೆಳ ನ್ಯಾಯಾಲಯದ ಆದೇಶವನ್ನು ಎತ್ತಿಹಿಡಿಯುವ ಹೊತ್ತಿಗೆ ಆ ನಕ್ಷೆಯ ಮೇಲೆ ಗೆದ್ದವರು ಸಂಸತ್ತಿನಲ್ಲಿ ಕುಳಿತಾಗಿತ್ತು. 'ಹತ್ತಿರ' ಎಂದರೆ ಎಷ್ಟು ದಿನ ಎಂಬುದನ್ನು ನ್ಯಾಯಾಲಯ ಎಲ್ಲಿಯೂ ನಿಗದಿಪಡಿಸದಿರುವುದೇ ಈ ತತ್ವದ ದೊಡ್ಡ ದೋಷವೆಂದು ನನಗನ್ನಿಸುತ್ತದೆ.