ಟವರ್ ಫುಲ್ ಇದ್ದರೂ ಕಾಲ್ ಯಾಕೆ ಹೋಗಲ್ಲ?

ಪ್ರಶ್ನೆ: ದಸರಾದಲ್ಲಿ ಜಂಬೂಸವಾರಿ ನೋಡೋಕೆ ಹೋಗಿದ್ದೆವು. ಕೆ.ಆರ್. ಸರ್ಕಲ್ ಹತ್ತಿರದ ನೂಕುನುಗ್ಗಲಲ್ಲಿ ಅಮ್ಮ ಒಂದು ಕಡೆ, ನಾವೊಂದು ಕಡೆ ಆಗಿಬಿಟ್ಟೆವು. ಫೋನಿನಲ್ಲಿ ನಾಲ್ಕೂ ಕಡ್ಡಿ ಕಾಣ್ತಿತ್ತು, ಕಾಲ್ ಮಾತ್ರ ಹೋಗಲೇ ಇಲ್ಲ. ಯಾಕೆ ಹೀಗೆ?
– ಓದುಗರೊಬ್ಬರು, ಮೈಸೂರು

ಉತ್ತರ: ಅಮ್ಮ ಆಮೇಲೆ ಸಿಕ್ಕರು ತಾನೇ? ಅದನ್ನೇ ಬರೆದಿಲ್ಲ ನೀವು!

ಆ ಕಡ್ಡಿಗಳು ಹೇಳೋದು, ಟವರಿನ ದನಿ ನಿಮ್ಮ ಫೋನಿಗೆ ಎಷ್ಟು ಜೋರಾಗಿ ಕೇಳಿಸ್ತಿದೆ ಅಂತ ಮಾತ್ರ. ನಿಮಗೆ ಜಾಗ ಉಳಿದಿದೆಯಾ ಅಂತಲ್ಲ. ಮದುವೆ ಊಟದಲ್ಲಿ ಬಡಿಸುವವರು ಎದುರಿಗೇ ನಿಂತಿರುತ್ತಾರೆ, ನಮ್ಮ ಎಲೆಗೆ ಮಾತ್ರ ಅನ್ನ ಬಿದ್ದಿರಲ್ಲ, ಹಾಗೆ.

ಕಂಪನಿ ಕೈಲಿರೋದು ಹರಾಜಿನಲ್ಲಿ ಕೊಂಡ ಇಷ್ಟಗಲ ತರಂಗಗಳು, ಅಷ್ಟೇ. 4ಜಿಯಲ್ಲಿ ಅದು 20 ಮೆಗಾಹರ್ಟ್ಸ್ ಇದೆ ಅಂದುಕೊಳ್ಳಿ. ಅಂಚಿಗೆ ಸ್ವಲ್ಪ ಬಿಟ್ಟು, ಉಳಿದದ್ದನ್ನು 180 ಕಿಲೋಹರ್ಟ್ಸ್‌ನ 100 ತುಂಡು ಮಾಡಿ, ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೊಮ್ಮೆ ಯಾವ ತುಂಡು ಯಾರಿಗೆ ಅಂತ ಟವರು ಹೊಸದಾಗಿ ಹಂಚುತ್ತಲೇ ಇರುತ್ತದೆ. ಮಾಮೂಲಿ ದಿನ ಇದು ಧಾರಾಳ ಸಾಕು. ಜಂಬೂಸವಾರಿ ದಿನ? ಅಂಬಾರಿ ಕಂಡ ತಕ್ಷಣ ಎಲ್ಲರ ಕೈಯೂ ಮೇಲೆ, ಎಲ್ಲರದ್ದೂ ವಿಡಿಯೋ, ಅದು ಆಗಲೇ ಮನೆಯವರಿಗೆ ಹೋಗಬೇಕು. ಹೀಗೆ ಕಳಿಸೋದು ಅಂದರೆ ಅಪ್‌ಲೋಡು. 5ಜಿಯಲ್ಲೂ ಸಾಮಾನ್ಯವಾಗಿ ಡೌನ್‌ಲೋಡಿಗೇ ಜಾಸ್ತಿ ಹೊತ್ತು ಮೀಸಲು, ಅಪ್‌ಲೋಡಿಗೆ ಕಡಿಮೆ.

ಅದಕ್ಕೂ ಮುಂಚೆ ಇನ್ನೊಂದು ತಾಪತ್ರಯ ಇದೆ. ಕಾಲ್ ಮಾಡಬೇಕು ಅಂದರೆ ಫೋನು ಮೊದಲು ಟವರಿನ ಬಾಗಿಲು ತಟ್ಟಬೇಕು. 4ಜಿ ಟವರಿನ ಒಂದು ಸೆಲ್‌ನಲ್ಲಿ, ಅಂದರೆ ಟವರು ನೋಡಿಕೊಳ್ಳೋ ಒಂದು ಭಾಗದಲ್ಲಿ, ಹೀಗೆ ತಟ್ಟೋದಕ್ಕೆ ಇರೋದು 64 ಗುರುತುಗಳು. ಇಬ್ಬರು ಒಂದೇ ಗಳಿಗೆಯಲ್ಲಿ ಒಂದೇ ಗುರುತು ಆರಿಸಿಕೊಂಡರೆ ಡಿಕ್ಕಿ. ಆಗ ಸ್ವಲ್ಪ ಕಾದು ಮತ್ತೆ ತಟ್ಟಬೇಕು. ಸಾವಿರಾರು ಜನ ಹೀಗೇ ರೀಡಯಲ್ ಒತ್ತುತ್ತಾ ನಿಂತರೆ ಬಾಗಿಲಲ್ಲೇ ಜಾತ್ರೆ.

ಇಂಥ ಕಡೆ ಕಂಪನಿಗಳು ಲಾರಿ ಮೇಲೆ ಕೂರಿಸಿದ ತಾತ್ಕಾಲಿಕ ಟವರ್ ತಂದು ನಿಲ್ಲಿಸೋದುಂಟು. ಒಂದು ಟವರಿನ ಜನ ಎರಡು ಮೂರು ಟವರಿಗೆ ಹಂಚಿಹೋದರೆ, ಅದೇ ತರಂಗಗಳೇ ಮತ್ತೆ ಮತ್ತೆ ಬಳಕೆಗೆ ಬರುತ್ತವೆ. ನಿಮ್ಮ ಕೈಲಾಗೋದು? ಎಸ್ಎಂಎಸ್ ಕಳಿಸಿ. ಅದಕ್ಕೆ ಬೇಕಾದ ಜಾಗ ಚೂರೇ ಚೂರು, ತಕ್ಷಣ ತಲುಪದಿದ್ದರೂ ನೆಟ್‌ವರ್ಕ್ ಅದನ್ನು ಇಟ್ಟುಕೊಂಡು ಮತ್ತೆ ಪ್ರಯತ್ನಿಸುತ್ತದೆ. ಮುಂದಿನ ಸಲ ಮಾತ್ರ "ತಪ್ಪಿಸಿಕೊಂಡರೆ ಇಲ್ಲೇ ಬಂದು ನಿಲ್ಲೋಣ" ಅಂತ ಒಂದು ಜಾಗ ಮೊದಲೇ ಮಾತಾಡಿಕೊಂಡು ಹೋಗಿ.

ಪ್ರಶ್ನೆ: ಮೊದಲೆಲ್ಲ ಕೀಪ್ಯಾಡ್ ಫೋನನ್ನು ರೇಡಿಯೋ ಪಕ್ಕ ಇಟ್ಟರೆ, ಕಾಲ್ ಬರುವ ಮುಂಚೆಯೇ ರೇಡಿಯೋ ಗೊರಗೊರ ಅಂತಿತ್ತು. ಈಗ ಯಾಕೆ ಹಾಗಾಗಲ್ಲ?
– ಓದುಗರೊಬ್ಬರು, ಶಿರಸಿ

ಉತ್ತರ: ನೀವು ಕೇಳಿಸಿಕೊಂಡದ್ದು ಸರದಿ ಹಂಚಿಕೆಯ ಸದ್ದು! 2ಜಿಯಲ್ಲಿ 200 ಕಿಲೋಹರ್ಟ್ಸ್ ಅಗಲದ ಒಂದು ದಾರಿಯನ್ನು ಎಂಟು ಫೋನುಗಳು ಸರದಿಯಲ್ಲಿ ಬಳಸುತ್ತವೆ. ನಿಮ್ಮ ಫೋನಿನ ಸರದಿ ಸೆಕೆಂಡಿಗೆ ಸುಮಾರು 217 ಸಲ ಬರುತ್ತದೆ. ಪ್ರತಿ ಸಲ ಒಂದು ಚೂರು ಹೊತ್ತು ಜೋರಾಗಿ ಕೂಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಮಾತನ್ನು ಒತ್ತಿ ಚಿಕ್ಕದು ಮಾಡಿ ಕಳಿಸೋದರಿಂದ ನಮಗೆ ತುಂಡಾದ ಹಾಗೆ ಕೇಳಿಸಲ್ಲ. ಆದರೆ ಪಕ್ಕದ ರೇಡಿಯೋದ ವೈರು ಆಂಟೆನಾ ಥರ ಆ ಕೂಗನ್ನು ಹಿಡಿದುಬಿಡುತ್ತದೆ, ಸೆಕೆಂಡಿಗೆ 217 ಬಡಿತ ಅಂದರೆ ನಮ್ಮ ಕಿವಿಗೆ ಗೊರಗೊರ. ಫೋನು ರಿಂಗ್ ಆಗುವ ಮೊದಲೇ ಟವರಿನ ಜೊತೆ ಮಾತುಕತೆ ಶುರುವಾಗಿರುತ್ತದೆ, ಅದಕ್ಕೇ ರೇಡಿಯೋಗೆ ಮೊದಲು ಗೊತ್ತಾಗೋದು. ಆಮೇಲೆ ಬಂದ 3ಜಿ, 4ಜಿ ಈ ತಾಳದಲ್ಲಿ ಕೂಗಲ್ಲ. ಮನೆಯಲ್ಲಿ ಹಳೆ 2ಜಿ ಸೆಟ್ಟು, ಅದಕ್ಕೆ ಒಗ್ಗುವ ಸಿಮ್ಮು ಇದ್ದರೆ ರೇಡಿಯೋ ಪಕ್ಕ ಇಟ್ಟು ಮಿಸ್ಡ್ ಕಾಲ್ ಕೊಟ್ಟು ನೋಡಿ.